ಷಡ್ಜ ಇನ್ನೂ ಹತ್ತಿಲ್ರೀ!

ಧಾರವಾಡದಲ್ಲಿ ಬಾಡಿಗೆ ಮನೆ ಹುಡುಕುವವರು ಮೂರು ಸಂಗತಿ ವಿಚಾರಿಸಿಕೊಳ್ಳಬೇಕು. ನಳಕ್ಕೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ, ಮಳೆಗಾಲದಲ್ಲಿ ಹಂಚು ಸೋರುತ್ತದೆಯೇ, ಪಕ್ಕದ ಮನೆಯಲ್ಲಿ ಗವಾಯಿಗಳು ಇದ್ದಾರೆಯೇ. ಮೊದಲಿನ ಎರಡಕ್ಕೆ ಮಾಲೀಕರು ಏನಾದರೂ ಹೇಳಿ ಒಂದು ತಿಂಗಳು ದಬ್ಬಬಹುದು. ಮೂರನೆಯದು ಮರುದಿನ ನಸುಕಿನ ನಾಲ್ಕೂವರೆಗೇ ಬಯಲಾಗುತ್ತದೆ.

ಗವಾಯಿಗಳು ಎಂದರೆ ಇಲ್ಲಿ ಕ್ಯಾಸೆಟ್ಟಿನ ಮೇಲೆ ಫೋಟೊ ಇರುವವರಲ್ಲ. ಅವರನ್ನು ಊರು 'ಪಂಡಿತರು' ಎನ್ನುತ್ತದೆ. ಓಣಿಯ ಗವಾಯಿಗಳದು ಬೇರೆಯೇ ತಳಿ. ಸರಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ, ಬಡ್ತಿ ಕೊಟ್ಟು ರಾಯಚೂರಿಗೆ ಹಾಕುತ್ತೇವೆಂದಾಗ "ಅಲ್ಲಿ ಬಿಸಿಲಿಗೆ ತಂಬೂರಿ ಬುರುಡಿ ಬಿರೀತದ್ರೀ" ಎಂದು ಬಡ್ತಿಯನ್ನೇ ಒಲ್ಲೆನೆಂದು, ಗುಮಾಸ್ತರಾಗಿಯೇ ನಿವೃತ್ತರಾದವರು. 30 ವರ್ಷಗಳಿಂದ ಹಿಂದೂಸ್ತಾನಿ ಗಾಯನದ ಸಾಧನೆ ನಡೆದಿದೆ. ಕಛೇರಿ ಎಷ್ಟು ಕೊಟ್ಟಿದ್ದೀರಿ ಎಂದು ಕೇಳಿದರೆ, "ಷಡ್ಜ ಇನ್ನೂ ಹತ್ತಿಲ್ರೀ" ಎನ್ನುತ್ತಾರೆ. ಸಪ್ತಸ್ವರಗಳಲ್ಲಿ ಅದು ಮೊದಲನೆಯದು. ಉಳಿದ ಆರರ ಗತಿ ಏನೆಂದು ಕೇಳುವ ಧೈರ್ಯ ಓಣಿಯಲ್ಲಿ ಯಾರಿಗೂ ಆಗಿಲ್ಲ.

ಇವರನ್ನು ಗುರುತಿಸುವುದು ಸುಲಭ. ಮೇ ತಿಂಗಳಲ್ಲೂ ಕೊರಳಿಗೆ ಮಫ್ಲರ್. ಜುಬ್ಬದ ಎಡ ಕಿಸೆಯಲ್ಲಿ ಜ್ಯೇಷ್ಠಮಧು, ಬಲ ಕಿಸೆಯಲ್ಲಿ ಕಲ್ಲುಸಕ್ಕರೆ. ದೊಡ್ಡ ಉಸ್ತಾದರ ಹೆಸರು ಬಂದ ಕೂಡಲೇ ಕೈ ತಾನಾಗಿ ಕಿವಿಯ ಹಾಲೆಗೆ ಹೋಗುತ್ತದೆ. ಹೆಸರು ಎತ್ತುವ ಮೊದಲು ಕಿವಿ ಮುಟ್ಟಿ ಕ್ಷಮೆ ಕೇಳುವುದು ಈ ಸಂಗೀತದ ಹಳೆಯ ಮರ್ಯಾದೆ. ಆದರೆ ಸ್ಕೂಟರ್ ಬಂದದ್ದು ಆ ಮರ್ಯಾದೆ ಬಂದ ಮೇಲೆ. ಜ್ಯುಬಿಲಿ ಸರ್ಕಲ್ಲಿನ ಗದ್ದಲದಲ್ಲಿ ಅಬ್ದುಲ್ ಕರೀಂ ಖಾನರ ಹೆಸರು ಬಾಯಿಗೆ ಬಂದು, ಹ್ಯಾಂಡಲ್ ಬಿಟ್ಟು ಕಿವಿ ಮುಟ್ಟಲು ಹೋಗಿ, ಗವಾಯಿಗಳು ಮೊಣಕಾಲು ಕೆತ್ತಿಸಿಕೊಂಡದ್ದಿದೆ. ಅಂದಿನಿಂದ ಗಾಡಿ ಮೇಲೆ ಸಂಗೀತದ ಮಾತು ಎತ್ತಕೂಡದೆಂದು ಮನೆಯವರು ತಾಕೀತು ಮಾಡಿದ್ದಾರೆ.

ನಸುಕಿನ ನಾಲ್ಕೂವರೆಗೆ ಖರ್ಜದ ಸಾಧನೆ. ಅಂದರೆ ಮಂದ್ರ ಸಪ್ತಕದ ಕೆಳಗಿನ ಸ್ವರಗಳನ್ನು ಒಂದೊಂದಾಗಿ ಹಿಡಿದು ನಿಲ್ಲಿಸುವುದು. ಹಾಲಿನವನು ಅದನ್ನು ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಾನೆ. ಓಣಿಯ ಕಂದು ನಾಯಿ ಮಾತ್ರ ಸುಮ್ಮನಿರುವುದಿಲ್ಲ, ಗವಾಯಿಗಳ ಷಡ್ಜಕ್ಕೆ ತನ್ನದೂ ಒಂದು ಜೋಡಿಸುತ್ತದೆ. ಪಕ್ಕದ ಮನೆಯ ಮಾಸ್ತರರು ಬಂದು ದೂರಿದಾಗ ಗವಾಯಿಗಳು ಸಿಟ್ಟಾಗಲಿಲ್ಲ. ಕಿವಿ ಮುಟ್ಟಿಕೊಂಡು, "ಖಾನ್‌ಸಾಹೇಬರ ಕಡೆ ಟೀಪು ಮಿಯಾ ಅಂತ ಒಂದು ನಾಯಿ ಇತ್ರೀ. ಅದಕ್ಕ ಅವರು ಸ್ವರಾ ಕಲಿಸಿದ್ರಂತ" ಎಂದರು. ಮಿರಜಿನ ಅಬ್ದುಲ್ ಕರೀಂ ಖಾನ್‌ಸಾಹೇಬರ ಹಾಡುವ ನಾಯಿಯ ಕಥೆ ಸಂಗೀತ ವಲಯದಲ್ಲಿ ನಿಜಕ್ಕೂ ಚಾಲ್ತಿಯಲ್ಲಿದೆ. ಮಾಸ್ತರರು ಒಂದು ಗಳಿಗೆ ಯೋಚಿಸಿ, "ಹಂಗಾದ್ರ ನಾಯೀದರ ಷಡ್ಜ ಹತ್ತೇದೇನ್ರೀ?" ಎಂದು ಕೇಳಿ ಹೋದರು.

ಹಾಡುವುದಕ್ಕಿಂತ ಮೊದಲು ತಂಬೂರಿ ಜೋಡಿಸಬೇಕು. ಮಿರಜಿನಿಂದ ತಂದ ತಂಬೂರಿ. ಒಂದು ಕಾಲಕ್ಕೆ ಕತ್ತಿಗೆ ಸಾಣೆ ಹಿಡಿಯುತ್ತಿದ್ದ ಮನೆತನದವರು ಅಲ್ಲಿ ತಲೆಮಾರುಗಳಿಂದ ಕಹಿ ಕುಂಬಳದ ಬುರುಡೆಗೆ ತಂತಿ ಬಿಗಿಯುತ್ತ ಬಂದಿದ್ದಾರೆ. 2024ರಲ್ಲಿ ಮಿರಜಿನ ತಂಬೂರಿಗೂ ಸಿತಾರಿಗೂ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಆ ದಿನ ಗವಾಯಿಗಳು ತಮಗೇ ಪದ್ಮಶ್ರೀ ಬಂದಂತೆ ಓಣಿಗೆಲ್ಲ ಪೇಢೆ ಹಂಚಿದರು. ತಂತಿ ನಾಲ್ಕೇ. ಒಂದು ಪಂಚಮ, ಜೋಡಿಯಾಗಿ ಎರಡು ಷಡ್ಜ, ಒಂದು ಖರ್ಜ. ಆದರೆ ತಂತಿಯ ಕೆಳಗೆ, ಕುದುರೆಯ ಮೇಲೆ, ಒಂದೊಂದು ನೂಲಿನ ಎಳೆ ಸೇರಿಸಿ ಅತ್ತಿತ್ತ ಸರಿಸುತ್ತ ಹೋದರೆ, ಯಾವುದೋ ಒಂದು ಕೂದಲೆಳೆಯ ಜಾಗದಲ್ಲಿ ನಾದ ತಟ್ಟನೆ ಬಿಚ್ಚಿಕೊಳ್ಳುತ್ತದೆ. ಜೇನುಗೂಡು ಬಾಯಿ ತೆರೆದಂತೆ. ಅದಕ್ಕೆ 'ಜವಾರಿ' ಎನ್ನುತ್ತಾರೆ. ಧಾರವಾಡದ ಕಡೆ ಕೋಳಿ, ಬದನೆಕಾಯಿ, ಸೌತೆಕಾಯಿ, ಮನುಷ್ಯ ಎಲ್ಲವೂ ಜವಾರಿ ಇದ್ದರೇ ಬೆಲೆ. ಗವಾಯಿಗಳ ಪ್ರಕಾರ ತಂಬೂರಿಗೂ ಅದೇ ಮಾತು. ಆ ನೂಲು ಹುಡುಕುವುದರಲ್ಲಿ ಕೆಲವು ದಿನ ಬೆಳಗಿನ ಸಾಧನೆಯ ಹೊತ್ತೇ ಮುಗಿದುಹೋಗುತ್ತದೆ. ಮಗ ಬೆಂಗಳೂರಿನಿಂದ ಎಲೆಕ್ಟ್ರಾನಿಕ್ ತಂಬೂರಿ ತಂದುಕೊಟ್ಟಿದ್ದಾನೆ. ಗುಂಡಿ ಒತ್ತಿದರೆ ಸಾಕು, ಕೆಲಸ ಮುಗಿಯಿತು. ಅದು ಕಪಾಟಿನ ಮೇಲೆ ಕುಳಿತಿದೆ. "ಅದು ಫಾರ್ಮ್ ಕೋಳಿರೀ" ಎನ್ನುತ್ತಾರೆ ಗವಾಯಿಗಳು.

ಗವಾಯಿಗಳದು ಕಿರಾನಾ ಘರಾಣೆ. ಆಲಾಪ ನಿಧಾನ, ವಿಲಂಬಿತ ಏಕತಾಲ ಅದಕ್ಕಿಂತ ನಿಧಾನ. ಮಾತ್ರೆ ಹನ್ನೆರಡೇ ಆದರೂ ಒಂದು ಆವರ್ತನ ಸುತ್ತಿ ಬರಲು ಮುಕ್ಕಾಲು ನಿಮಿಷ, ಒಂದು ನಿಮಿಷ ಬೇಕು. ಅದೇ ಹೊತ್ತಿಗೆ ಒಳಗೆ ಮನೆಯವರು ಜೋಳದ ರೊಟ್ಟಿ ಬಡಿಯುತ್ತಿರುತ್ತಾರೆ. ಹಿಟ್ಟಿನ ಉಂಡೆ ತಟ್ಟಿ, ಸುತ್ತ ತಿರುಗಿಸುತ್ತ ಬಡಿದು, ಎತ್ತಿ ಹಂಚಿಗೆ ಹಾಕುವುದಕ್ಕೆ ಒಂದು ಆವರ್ತನ ಸರಿಹೋಗುತ್ತದೆ. ಹೊರಗೆ ಸಮ್, ಅಂದರೆ ತಾಳದ ಮೊದಲ ಮಾತ್ರೆ, ಬರುವುದೂ ಒಳಗೆ ರೊಟ್ಟಿ ಹಂಚಿನ ಮೇಲೆ ಬೀಳುವುದೂ ಒಂದೇ ಸಲ. ಮನೆಯವರು ತವರಿಗೆ ಹೋದ ವಾರ ಗವಾಯಿಗಳು ನಾಲ್ಕು ದಿನ ಸಮ್ ತಪ್ಪಿದರು. ಭಾನುವಾರ ಸಾಥಿಗೆ ಬರುವ ತಬಲಾದ ಹುಡುಗ ಸಂಕೋಚದಿಂದಲೇ ಹೇಳಿದ: "ಸರ್, ಅಕ್ಕಾವ್ರು ಬರೂತನಕ ಬರೀ ಆಲಾಪ ಮಾಡೂಣು."

ಅಕ್ಕಾವ್ರ ಕಿವಿಯೂ ಸಾಮಾನ್ಯದ್ದಲ್ಲ. ಸಂಗೀತ ಕಲಿತವರಲ್ಲ, ಕಲಿಯುವ ಮನಸ್ಸೂ ಇಲ್ಲ. ಆದರೆ 30 ವರ್ಷ ಅದನ್ನೇ ಕೇಳಿ, ಸಾರಿಗೆ ಉಪ್ಪು ಕಡಿಮೆಯಾದರೆ ತಿಳಿಯುವಂತೆ ಸ್ವರ ಇಳಿದರೂ ತಿಳಿಯುತ್ತದೆ. "ರೀ, ಗಂಧಾರ ಇಳದದ ನೋಡ್ರಿ" ಎಂದು ಒಳಗಿನಿಂದಲೇ ಕೂಗುತ್ತಾರೆ. ಗವಾಯಿಗಳು ಉತ್ತರ ಕೊಡುವುದಿಲ್ಲ. ಗಂಧಾರ ಮಾತ್ರ ಸದ್ದಿಲ್ಲದೆ ಮೇಲೆ ಏರುತ್ತದೆ.

ಇಷ್ಟು ತಡವೇಕೆ ಎಂದು ಕೇಳಿದವರಿಗೆ ಉದಾಹರಣೆಗಳು ಸಿದ್ಧವಾಗಿವೆ, ಎಲ್ಲವೂ ಇದೇ ನೆಲದವು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಸುಮಾರು 20 ಕಿಲೋಮೀಟರ್ ದೂರದ ಕುಂದಗೋಳಕ್ಕೆ ರೈಲು ಹತ್ತಿ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತರು. ಒಂದೇ ತುಣುಕನ್ನು ಗುರುಗಳು ಒಪ್ಪುವವರೆಗೆ ತಿರುಗಿ ತಿರುಗಿ ಹೇಳಬೇಕಿತ್ತು. ಗದಗಿನ ಭೀಮಸೇನ ಜೋಶಿ 1933ರಲ್ಲಿ, 11ರ ವಯಸ್ಸಿನಲ್ಲಿ, ಗುರುವನ್ನು ಹುಡುಕಿ ಮನೆ ಬಿಟ್ಟು ಓಡಿದರು. ಅನ್ನದ ಮೇಲೆ ಇನ್ನೊಂದು ಚಮಚ ತುಪ್ಪ ಬೀಳಲಿಲ್ಲವೆಂಬ ಸಿಟ್ಟೂ ಅದಕ್ಕೆ ಕೂಡಿಕೊಂಡಿತ್ತೆಂದು ಹೇಳುತ್ತಾರೆ. ಟಿಕೆಟ್ ಇಲ್ಲದೆ ರೈಲಿನಲ್ಲಿ ಹಾಡುತ್ತ ಗ್ವಾಲಿಯರ್, ಜಲಂಧರ್ ಎಂದು ಸುತ್ತಿ, ಕೊನೆಗೆ ಸಿಕ್ಕ ಗುರು, ಅದೇ ಸವಾಯಿ ಗಂಧರ್ವರು, ಮನೆಯ ಪಕ್ಕದ ಕುಂದಗೋಳದಲ್ಲೇ ಇದ್ದರು. ಅಲ್ಲಿ ನೀರು ಹೊತ್ತರು. ವರ್ಷಗಟ್ಟಲೆ ಕಲಿತದ್ದು ಮುಖ್ಯವಾಗಿ ಮೂರು ರಾಗ: ತೋಡಿ, ಮುಲ್ತಾನಿ, ಪೂರಿಯಾ.

"ಅವರು ಆಮ್ಯಾಲೆ ಭಾರತರತ್ನ ಆದ್ರಲ್ಲಾ?" ಎಂದು ಮೊಮ್ಮಗ ಕೇಳಿದ. ಗವಾಯಿಗಳು ಕಿವಿ ಮುಟ್ಟಿಕೊಂಡರು. "ಆದ್ರು. ಆದ್ರ ನೀರು ಹೊತ್ತಿದ್ದು ಮೊದಲ." ತಾವು 30 ವರ್ಷದಿಂದ ನಳದ ನೀರು ಹಿಡಿಯುತ್ತಿರುವುದನ್ನೂ ಅವರು ಈ ಲೆಕ್ಕಕ್ಕೇ ಜಮಾ ಮಾಡಿಕೊಂಡಿರಬೇಕು.

ಉದಾಹರಣೆ ಕೈಕೊಟ್ಟದ್ದು ಒಮ್ಮೆ ಮಾತ್ರ. ಗವಾಯಿಗಳ ಪಥ್ಯ ಭಾರಿ ಕಟ್ಟುನಿಟ್ಟು. ಸಂಜೆಯ ಮೇಲೆ ಮೊಸರಿಲ್ಲ, ಬಾಳೆಹಣ್ಣಿಲ್ಲ, ಹುಣಸೆ ಇಲ್ಲ, ತಣ್ಣೀರಂತೂ ಇಲ್ಲವೇ ಇಲ್ಲ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಇಡೀ ಧಾರವಾಡ ಗಿರ್ಮಿಟ್ ಜತೆ ಮಿರ್ಚಿ ಭಜಿ ಕಚ್ಚುತ್ತಿರುವಾಗ ಇವರು ಕಾಳುಮೆಣಸಿನ ಕಷಾಯ ಕುಡಿಯುತ್ತಾರೆ. ಪೇಢೆಯಿಂದ ಕಫ ಕಟ್ಟುತ್ತದೆ, ದೇವರ ಪ್ರಸಾದವಾಗಿ ಬಂದರೆ ಮಾತ್ರ ಕಟ್ಟುವುದಿಲ್ಲ. ಆಗ ಅದೇ ಮಾಸ್ತರರು ಕೇಳಿದರು: "ಅಲ್ರೀ, ಮಲ್ಲಿಕಾರ್ಜುನ ಮನ್ಸೂರರು ಬೀಡಿ ಸೇದ್ತಿದ್ರಲ್ಲಾ?" ಅದು ಧಾರವಾಡಕ್ಕೆಲ್ಲ ಗೊತ್ತಿದ್ದ ಸಂಗತಿ. ಗವಾಯಿಗಳು ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ಅವರಿಗೆ ಷಡ್ಜ ಹತ್ತಿತ್ರೀ. ಆಮ್ಯಾಲೆ ಬೀಡಿ ಹತ್ತಿಸಿದ್ರೇನು, ಬಿಟ್ರೇನು?"

ಒಮ್ಮೆ 'ಚಿಲ್ಲಾ' ಕೂಡ ಹಿಡಿದರು. ಹಳೆಯ ಉಸ್ತಾದರು 40 ದಿನ ಹೊರಗಿನ ಸಂಪರ್ಕ ಬಿಟ್ಟು, ಕೋಣೆಯೊಳಗೆ ಕುಳಿತು ರಿಯಾಜು ಮಾಡುತ್ತಿದ್ದ ವ್ರತವದು. ಚಿಲಕ ಹಾಕಿಕೊಳ್ಳುವುದಕ್ಕೇ ಚಿಲ್ಲಾ ಎನ್ನುತ್ತಾರೆಂದು ಮನೆಯವರು ತಿಳಿದರು. ಮೊದಲ ದಿನ ಗ್ಯಾಸಿನವನು ಬಂದ, ಬಾಗಿಲು ತೆರೆಯಲಿಲ್ಲ. ಮೂರನೆಯ ದಿನ ಬೀಗರು ಬಂದರು, ಆಗಲೂ ತೆರೆಯಲಿಲ್ಲ. ಒಂಬತ್ತನೆಯ ದಿನ ಪಿಂಚಣಿಗೆ ಜೀವಂತ ಪ್ರಮಾಣಪತ್ರ ಕೊಡಲು ಕೊನೆಯ ತಾರೀಖು ಎಂದು ಗೊತ್ತಾಯಿತು. ತಾವು ಬದುಕಿದ್ದೇವೆಂದು ತೋರಿಸಿ ಬರಲು ಗವಾಯಿಗಳು ಹೊರಬರಬೇಕಾಯಿತು. ಉಳಿದ 31 ದಿನಗಳನ್ನು ಮುಂದಿನ ವರ್ಷಕ್ಕೆ ಇಟ್ಟಿದ್ದಾರೆ. ಅವು ಹಾಗೇ ಇವೆ.

ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ 1950ರಿಂದ ಇದೆ. ಧ್ವನಿಪರೀಕ್ಷೆಯ ಅರ್ಜಿ ಗವಾಯಿಗಳ ಟ್ರಂಕಿನಲ್ಲಿ 22 ವರ್ಷಗಳಿಂದ ಇದೆ. ಹೆಸರು, ವಿಳಾಸ, ಗುರುಗಳ ಹೆಸರು ತುಂಬಿದ್ದಾರೆ. 'ಹಾಡಬಲ್ಲ ರಾಗಗಳು' ಎಂಬ ಜಾಗ ಖಾಲಿ.

ಶಿಷ್ಯರು ಬರುವುದಿಲ್ಲವೆಂದಲ್ಲ. ಕಳೆದ ಬೇಸಿಗೆಯಲ್ಲಿ ಒಬ್ಬ ತಾಯಿ ಮಗನನ್ನು ಕರೆತಂದರು. "ಸರ್, ಟೀವಿ ಶೋ ಅಡಿಷನ್ನಿಗೆ ಮೂರು ತಿಂಗಳ ಅದರೀ. ಎರಡು ಹಾಡು ತಯಾರ ಮಾಡಿಸಿಕೊಡ್ರಿ."

"ಮೂರು ತಿಂಗಳದಾಗ ಕುಂಡ್ರೂದು ಕಲಸ್ತೀನ್ರೀ. ತಂಬೂರಿ ಮುಂದ ಕುಂಡ್ರೂದು ಸಣ್ಣ ವಿದ್ಯಾ ಅಲ್ಲ."

ಹುಡುಗ ಹದಿನೈದು ದಿನ ಕುಳಿತ. ಹದಿನಾರನೆಯ ದಿನ ಯೂಟ್ಯೂಬಿನಲ್ಲಿ ಕಲಿತ ಹಾಡೊಂದನ್ನು ಹಾಡಿಕೊಂಡು ಗಾಡಿ ಹತ್ತಿದ. ಅವನ ಷಡ್ಜ ಚೆನ್ನಾಗಿತ್ತೆಂದು ಅಕ್ಕಾವ್ರು ಇಂದಿಗೂ ಹೇಳುತ್ತಾರೆ, ಗವಾಯಿಗಳು ಮನೆಯಲ್ಲಿ ಇಲ್ಲದಾಗ.

ರಾಗಕ್ಕೆ ಸಮಯವಿದೆ ಎಂಬ ನಿಯಮವನ್ನು ಗವಾಯಿಗಳಷ್ಟು ಬಿಗಿಯಾಗಿ ಹಿಡಿದವರಿಲ್ಲ. ಭೈರವ, ತೋಡಿ ಬೆಳಿಗ್ಗೆ. ಯಮನ್ ಸಂಜೆ. ದರ್ಬಾರಿ, ಮಾಲಕೌಂಸ ರಾತ್ರಿ. ಅಳಿಯನ ತಮ್ಮನ ಮದುವೆಯಲ್ಲಿ ಹನ್ನೊಂದರ ಮುಹೂರ್ತಕ್ಕೆ ಯಮನ್ ಹಾಡಿರೆಂದು ಬೀಗರು ಕೇಳಿದರೆ, "ಸಂಜಿ ಏಳರತನಕ ಮದವಿ ಮುಂದ ಹಾಕ್ತೀರೇನ್ರೀ?" ಎಂದು ಇವರು ತಿರುಗಿ ಕೇಳಿದರು. ಬೀಗರು ವಾಲಗದವರನ್ನೇ ನಂಬಿಕೊಂಡರು.

ಕೊನೆಗೂ ಒಮ್ಮೆ ವೇದಿಕೆ ಸಿಕ್ಕಿತು. ಓಣಿಯ ಗಣೇಶೋತ್ಸವದಲ್ಲಿ, ಸಂಜೆ ಆರರಿಂದ ಆರೂವರೆ. ಸೂರ್ಯ ಮುಳುಗುವ ಹೊತ್ತು, ಆದ್ದರಿಂದ ಮಾರವಾ ರಾಗ. ಮಾರವಾದಲ್ಲಿ ಪಂಚಮವೇ ಇಲ್ಲ. ತಂಬೂರಿಯ ಪಂಚಮದ ತಂತಿಯನ್ನು ಬಿಚ್ಚಿ ನಿಷಾದಕ್ಕೆ ಏರಿಸಬೇಕು. ಅದರಲ್ಲಿ 17 ನಿಮಿಷ ಹೋಯಿತು. ಯುವಕ ಮಂಡಳದವರು ಮೈಕ್ ಪರೀಕ್ಷೆ ನಡೆದಿದೆಯೆಂದು ತಿಳಿದು ಹಿಂದಿನ ಸಾಲಿನಿಂದ "ಹಲೋ, ಹಲೋ ಅನ್ರಿ" ಎಂದರು. ಆಲಾಪ ಶುರುವಾಯಿತು. ಕೋಮಲ ರಿಷಭ, ಧೈವತ, ಮತ್ತೆ ರಿಷಭ. ಈ ರಾಗದ ಗುಣವೇ ಅದು. ಷಡ್ಜವನ್ನು ಸುತ್ತುಹಾಕಬೇಕು, ಹತ್ತಿರ ಹೋಗಬೇಕು, ಮುಟ್ಟದೆ ತಿರುಗಿ ಬರಬೇಕು. ಕೇಳುವವರ ಜೀವ ಷಡ್ಜ, ಷಡ್ಜ ಎಂದು ಹಪಹಪಿಸಬೇಕು. 30 ವರ್ಷ ಷಡ್ಜ ಹುಡುಕಿದವರು ಸಿಕ್ಕ ಒಂದೇ ಅವಕಾಶಕ್ಕೆ ಷಡ್ಜವನ್ನು ದೂರವಿಡುವ ರಾಗ ಆರಿಸಿಕೊಂಡಿದ್ದರು. ಮಂಡಳದ ಹುಡುಗ ಚೀಟಿ ತಂದಿಟ್ಟ: 'ಸಮಯ ಮುಗಿದಿದೆ'. ಆಗ ಗವಾಯಿಗಳು ಕಣ್ಣು ಮುಚ್ಚಿ ಷಡ್ಜಕ್ಕೆ ಬಂದು ನಿಂತರು. ದನಿ ತಂಬೂರಿಯಲ್ಲಿ ಕೂಡಿಹೋಗಿ, ಯಾವುದು ತಂತಿ, ಯಾವುದು ಕೊರಳು ಎಂದು ತಿಳಿಯದಂತೆ ಹತ್ತಾರು ಕ್ಷಣ ನಿಂತಿತು. ಕಂದು ನಾಯಿ ಕೂಡ ತೆಪ್ಪಗಿತ್ತು. ಬಳಿಕ ಮಂಡಳದವರು ಸಿನಿಮಾ ಹಾಡು ಹಚ್ಚಿದರು.

ಮನೆಗೆ ನಡೆದು ಬರುವಾಗ ಅಕ್ಕಾವ್ರು ಹೇಳಿದರು: "ಇವತ್ತ ಷಡ್ಜ ಹತ್ತಿತ್ತ ನೋಡ್ರಿ."

ಗವಾಯಿಗಳು ತಲೆ ಅಲ್ಲಾಡಿಸಿದರು. "ಮಾರವಾದಾಗ ಹತ್ತಿದ್ದು ಲೆಕ್ಕಕ್ಕ ಬರೂದಿಲ್ಲ."

ಇಂಥವರು ಹಾಡಿ ಹೆಸರಾಗುವುದಿಲ್ಲ. ಆದರೆ ಧಾರವಾಡದಲ್ಲಿ ಹಾಡಿ ಹೆಸರಾಗುವವರು ಇವರನ್ನು ದಾಟಿಯೇ ಹೋಗಬೇಕು. ಮನ್ಸೂರ ಕಲಾಭವನದಲ್ಲಿ ಕಛೇರಿ ಇದ್ದ ದಿನ ಗವಾಯಿಗಳು ಅರ್ಧ ಗಂಟೆ ಮುಂಚೆಯೇ ಬಂದು ಮೊದಲ ಸಾಲು ಹಿಡಿಯುತ್ತಾರೆ. ಪರವೂರಿನ ತರುಣ ಗಾಯಕರು ಷಡ್ಜ ಹಚ್ಚಿ ಕಣ್ಣು ತೆರೆದಾಗ ಕಾಣುವುದು ಮಫ್ಲರ್ ಸುತ್ತಿದ ಈ ಮುಖ. ತಾನುಗಳ ಸುರಿಮಳೆಗೆ ಸಭೆ ಚಪ್ಪಾಳೆ ಹೊಡೆಯುವಾಗ ಆ ಮುಖ ಅಲುಗುವುದಿಲ್ಲ. ಎಲ್ಲೋ ಒಂದು ಗಂಧಾರ ಸರಿಯಾಗಿ ಕುಳಿತ ಗಳಿಗೆಯಲ್ಲಿ, ಬೇರೆ ಯಾರೂ ಗಮನಿಸದಿದ್ದರೂ, ಅಲ್ಲಿಂದ ಒಂದು ಸಣ್ಣ 'ಆಹಾ' ಬರುತ್ತದೆ. ಬಲ್ಲ ಗಾಯಕರು ಮುಂದಿನ ಆವರ್ತನವನ್ನು ಆ ಕುರ್ಚಿಯ ಕಡೆ ತಿರುಗಿಯೇ ಹಾಡುತ್ತಾರೆ.

ನೀವು ಆ ಕಡೆ ಹೋದರೆ ಅವರ ಪಕ್ಕದ ಕುರ್ಚಿ ಬಹುತೇಕ ಖಾಲಿ ಇರುತ್ತದೆ. ಧೈರ್ಯವಾಗಿ ಕುಳಿತುಕೊಳ್ಳಿ, ಕಲ್ಲುಸಕ್ಕರೆ ಕೊಟ್ಟರೆ ತೆಗೆದುಕೊಳ್ಳಿ. ತೊಡೆಯ ಮೇಲೆ ತಾಳ ಹಾಕುವ ಅಭ್ಯಾಸವಿದ್ದರೆ ಮಾತ್ರ ಸ್ವಲ್ಪ ಜೋಕೆ. ಆಚೆ ಬದಿಯಲ್ಲಿ ಅಕ್ಕಾವ್ರು ಕುಳಿತಿರುತ್ತಾರೆ.