ಹಾನಿ ಕಮ್ಮಿ ಬೆಟ್ಟದಲ್ಲಿ ಸ್ಕೀ ರಜೆ

ಎಕ್ಸೆಲ್ ಹಾಳೆಗೆ ಹನ್ನೊಂದು ಟ್ಯಾಬುಗಳಿದ್ದವು. ಮೊದಲನೆಯದು ವಸತಿ, ಎರಡನೆಯದು ದಾರಿ, ಮೂರನೆಯದು ಸ್ಕೀ ಪಾಸು. ಆಮೇಲೆ ಬೂಟು, ಬಟ್ಟೆ, ವಿಮೆ, ಮಕ್ಕಳ ತರಬೇತಿ, ಟಯರು, ಅಡುಗೆ ಸಾಮಾನು, ಔಷಧಿ. ಹನ್ನೊಂದನೆಯ ಟ್ಯಾಬಿಗೆ ‘ಅಮ್ಮ’ ಎಂದು ಹೆಸರಿತ್ತು. ಒಳಗೆ ಏನೂ ಇರಲಿಲ್ಲ.

ಮ್ಯೂನಿಕ್‌ನಲ್ಲಿ ಕಾರುಗಳಿಗೆ ಸಾಫ್ಟ್‌ವೇರ್ ಬರೆಯುವ ಈ ಗೃಹಸ್ಥ ಸುಬ್ರಹ್ಮಣ್ಯದ ಕಡೆಯವನು. ಹೆಂಡತಿ ಮೈಸೂರಿನವಳು. ಹನ್ನೊಂದು ವರ್ಷದ ಮಗಳು, ಏಳರ ಮಗ. ಜೊತೆಗೆ, ಮೂರು ತಿಂಗಳ ಷೆಂಗೆನ್ ವೀಸಾ, ಎರಡು ಕಟ್ಟು ಹಲಸಿನ ಹಪ್ಪಳದೊಂದಿಗೆ ಬಂದಿಳಿದಿದ್ದ ಎಪ್ಪತ್ತೊಂದರ ಅವನ ತಾಯಿ. ಬವೇರಿಯಾದ ಶಾಲೆಗಳಿಗೆ ಚಳಿಗಾಲದ ಕೊನೆಗೆ ಒಂದು ವಾರ ಬಿಡುವು. ಕಾಗದದ ಮೇಲೆ ಅದು ವಸಂತದ ರಜೆ, ಜನರ ಬಾಯಲ್ಲಿ ಫಾಷಿಂಗ್ ಹಬ್ಬದ ರಜೆ, ಸ್ಕೀ ರಜೆ. ಅದು ಮುಗಿದ ಸೋಮವಾರ ತರಗತಿಯಲ್ಲಿ ಯಾರು ಯಾವ ಬೆಟ್ಟಕ್ಕೆ ಹೋಗಿದ್ದರು ಎಂಬ ವರದಿ ಒಪ್ಪಿಸಬೇಕು. ಮಗಳು ಎರಡು ವರ್ಷ ‘ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು’ ಎಂದು ಜರ್ಮನ್‌ನಲ್ಲಿ ವಿವರಿಸಿ ಸೋತಿದ್ದಳು. ಮೂರನೆಯ ವರ್ಷ ಅವಳು ಊಟ ಬಿಟ್ಟಳು. ಅಂದರೆ ಒಂದು ಹೊತ್ತು.

ಮೈಸೂರಿನಾಕೆಗೆ ಸ್ವಿಟ್ಸರ್ಲೆಂಡೇ ಆಗಬೇಕಿತ್ತು. ಗೃಹಸ್ಥ ಆರಿಸಿದ್ದು ಆಸ್ಟ್ರಿಯಾದ ಟಿರೋಲ್ ಸೀಮೆಯ ಕಿಟ್ಸ್‌ಬ್ಯೂಲ್. ಚರಿತ್ರೆ ಇರುವ ಊರು ಎಂದು ಕಾರಣ ಕೊಟ್ಟ. 1271ರಲ್ಲೇ ಪಟ್ಟಣದ ಹಕ್ಕು ಪಡೆದದ್ದು, ಆಮೇಲೆ ತಾಮ್ರ, ಬೆಳ್ಳಿಯ ಗಣಿಗಳಿಂದ ಕೊಬ್ಬಿದ್ದು, ಗಣಿ ಬತ್ತಿದ ಮೇಲೆ ಸೊರಗಿದ್ದು, ಕೊನೆಗೆ ಹಿಮವನ್ನು ಮಾರಲು ಕಲಿತದ್ದು. ಕೋಲಾರದ ಚಿನ್ನದ ಗಣಿ ಕಂಡವರಿಗೆ ಇದರ ಮೊದಲರ್ಧ ಅರ್ಥವಾಗುತ್ತದೆ. ಉಳಿದರ್ಧಕ್ಕೆ ಕೆಜಿಎಫ್‌ನಲ್ಲಿ ಹಿಮ ಬೀಳಬೇಕು.

ನಿಜವಾದ ಕಾರಣ ಎರಡನೆಯ ಟ್ಯಾಬಿನಲ್ಲಿತ್ತು. ಆಸ್ಟ್ರಿಯಾದ ಹೆದ್ದಾರಿಗೆ ಹತ್ತಬೇಕಾದರೆ ವಿನ್ಯೆಟ್ ಎಂಬ ಸುಂಕದ ಚೀಟಿ ಬೇಕು. ಆದರೆ ಗಡಿಯಿಂದ ಕುಫ್‌ಸ್ಟೈನ್ ಸ್ಯೂಡ್ ಎಂಬಲ್ಲಿವರೆಗಿನ ತುಣುಕಿಗೆ 2019ರ ಡಿಸೆಂಬರ್‌ನಿಂದ ವಿನಾಯಿತಿ. ಅಲ್ಲಿ ಇಳಿದು ಒಳರಸ್ತೆ ಹಿಡಿದರೆ ಕಿಟ್ಸ್‌ಬ್ಯೂಲ್‌ಗೆ ಒಂದು ಸೆಂಟ್ ಸುಂಕವಿಲ್ಲದೆ ತಲುಪಬಹುದು. ಇದನ್ನು ಕಂಡುಹಿಡಿದ ರಾತ್ರಿ ಅವನಿಗೆ ನಿದ್ದೆ ಬರಲಿಲ್ಲ. ದೊಡ್ಡವರೊಬ್ಬರ ಸ್ಕೀ ಪಾಸಿಗೆ ಅಲ್ಲಿ ದಿನಕ್ಕೆ 70 ಯೂರೋಗಿಂತ ಹೆಚ್ಚು ತೆರಬೇಕು ಎಂಬುದು ಮೂರನೆಯ ಟ್ಯಾಬಿನಲ್ಲಿದ್ದುದರಿಂದ ಈ ಸಂತೋಷಕ್ಕೆ ಅಡ್ಡಿ ಬರಲಿಲ್ಲ.

ರಜೆಗೆ ಎರಡು ದಿನ ಮೊದಲೇ ಹೊರಟರೆ ಬಾಡಿಗೆ ಎಷ್ಟೋ ಕಡಿಮೆ. “ಮಕ್ಕಳಿಗೆ ಜ್ವರ ಅಂತ ಒಂದು ಚೀಟಿ ಬರೆದ್ರಾಯ್ತಪ್ಪ,” ಎಂದಳು ಹೆಂಡತಿ. ಗೃಹಸ್ಥ ಬೆಚ್ಚಿಬಿದ್ದ. ಬವೇರಿಯಾದಲ್ಲಿ ಶಾಲೆ ತಪ್ಪಿಸುವುದು ದಂಡದ ಮಾತು. 2018ರ ಮೇ ತಿಂಗಳಲ್ಲಿ ಮೆಮ್ಮಿಂಗನ್ ವಿಮಾನ ನಿಲ್ದಾಣದಲ್ಲಿ ಪೊಲೀಸರೇ ನಿಂತು, ರಜೆಗೆ ಮುಂಚೆ ಹೊರಟ ಸಂಸಾರಗಳನ್ನು ಹಿಡಿದು ವಿಚಾರಿಸಿದ್ದರು. ಬೆಂಗಳೂರಿನ ಮೊದಲ ಕೆಲಸದಲ್ಲಿದ್ದಾಗ ‘ಅಜ್ಜಿ ತೀರಿಕೊಂಡರು’ ಎಂದು ಮೂರು ಸಲ ರಜೆ ಗಿಟ್ಟಿಸಿದ ಧೀರ ಈತ. ಇಲ್ಲಿ ಆ ದಾರಿಯೂ ಇಲ್ಲ. ಮಕ್ಕಳ ಅಜ್ಜಿ ಎದುರಿಗೇ ಕೂತು ಬೀನ್ಸ್ ಮುರಿಯುತ್ತಿದ್ದರು.

ಎತ್ತರದ ವಿಷಯ ಬಂದದ್ದು ಇನ್ನೊಂದು ಸಂಜೆ. ಆಲ್ಪ್ಸ್ ಅಂದಮೇಲೆ ಉಸಿರು ಕಟ್ಟೀತು ಎಂದು ಸೊಸೆ ಅತ್ತೆಗಾಗಿ ಕರ್ಪೂರದ ಗಂಟು ಕಟ್ಟುತ್ತಿದ್ದಳು. ಮಗಳು ಫೋನಿನಲ್ಲಿ ಹುಡುಕಿ ಓದಿದಳು: ಕಿಟ್ಸ್‌ಬ್ಯೂಲ್ ಪೇಟೆ ಇರುವುದು ಸಮುದ್ರಮಟ್ಟದಿಂದ 762 ಮೀಟರ್ ಮೇಲೆ. ಬೆಂಗಳೂರು 900 ಮೀಟರ್ ದಾಟುತ್ತದೆ. ಜಯನಗರದವನು ಈ ಆಲ್ಪ್ಸ್ ಊರಿಗೆ ಬರಬೇಕಾದರೆ ಇಳಿದು ಬರಬೇಕು. ಮೈಸೂರಾದರೆ ಹೆಚ್ಚುಕಡಿಮೆ ಇದೇ ಮಟ್ಟ.

“ಹಾಗಾದ್ರೆ ಚಾಮುಂಡಿ ಬೆಟ್ಟಕ್ಕೇ ಹೋಗಿಬರಬಹುದಿತ್ತಲ್ರೀ,” ಎಂದು ಕರ್ಪೂರ ಒಳಗಿಟ್ಟಳು ಸೊಸೆ.

ಪೇಟೆಯ ನೆತ್ತಿಯ ಮೇಲಿರುವ ಬೆಟ್ಟದ ಹೆಸರು ಹಾನೆನ್‌ಕಮ್. ಜರ್ಮನ್‌ನಲ್ಲಿ ಹುಂಜದ ಜುಟ್ಟು ಎಂದರ್ಥ. ಅಜ್ಜಿಯ ಕಿವಿಗೆ ಅದು ‘ಹಾನಿ ಕಮ್ಮಿ’ ಎಂದು ಬಿತ್ತು. “ಹೆಸರು ಒಳ್ಳೇದುಂಟು. ಹೋಗುವ,” ಎಂದರು. ಅದರ ಎತ್ತರ 1,712 ಮೀಟರ್. ಗೃಹಸ್ಥ ಒಂದು ಕ್ಷಣ ಸುಮ್ಮನಾದ. ಅವನ ಊರಿನ ಮನೆಯಂಗಳದಿಂದ ಕಾಣುವ ಕುಮಾರಪರ್ವತದ ಎತ್ತರವನ್ನು ಪುಸ್ತಕಗಳು ಕೊಡುವುದೂ 1,712 ಮೀಟರ್ ಎಂದೇ. ಒಂದರ ಮೇಲೆ ಜಿಗಣೆ, ಇನ್ನೊಂದರ ಮೇಲೆ ಗೊಂಡೋಲಾ. ಅಕ್ಷಾಂಶ ಮಾಡುವ ಕಿತಾಪತಿ ಇದು.

ಹಾನಿ ಕಮ್ಮಿ ಎಂಬ ಮಾತನ್ನು ಸ್ಕೀ ಓಟಗಾರರು ಮಾತ್ರ ಒಪ್ಪಲಾರರು. ಆ ಬೆಟ್ಟದಿಂದ ಇಳಿಯುವ ಸ್ಟ್ರೈಫ್ ಎಂಬ ದಾರಿ ಜಗತ್ತಿನ ಅತಿ ಭಯಂಕರ ಸ್ಪರ್ಧಾಮಾರ್ಗಗಳಲ್ಲಿ ಒಂದು. 1931ರಿಂದ ಆ ಬೆಟ್ಟದಲ್ಲಿ ಹಾನೆನ್‌ಕಮ್ ಸ್ಪರ್ಧೆ. ಸ್ಟ್ರೈಫ್‌ನ ಉದ್ದ 3,312 ಮೀಟರ್, ಅತಿ ಕಡಿದಾದಲ್ಲಿ ಇಳಿಜಾರು ಶೇಕಡಾ 85. ಹೊರಟು ಕೆಲವೇ ಸೆಕೆಂಡುಗಳಲ್ಲಿ ಬರುವ ಆ ಜಾಗಕ್ಕೆ ‘ಇಲಿಬೋನು’ ಎಂದು ಹೆಸರು. ಆಸ್ಟ್ರಿಯಾದ ಫ್ರಿಟ್ಸ್ ಸ್ಟ್ರೋಬ್ಲ್ 1997ರಲ್ಲಿ ಇಷ್ಟನ್ನೂ 1 ನಿಮಿಷ 51.58 ಸೆಕೆಂಡಿನಲ್ಲಿ ಮುಗಿಸಿದ. ಇಷ್ಟು ಸಮಯದಲ್ಲಿ ನಮ್ಮ ಗೃಹಸ್ಥನಿಗೆ ಒಂದು ಕಾಲಿನ ಬೂಟಿನ ನಾಲ್ಕು ಕೊಕ್ಕೆಗಳಲ್ಲಿ ಎರಡು ಹಾಕಲು ಬರುತ್ತದೆ ಎಂಬುದನ್ನು ಮಗಳು ಫೋನಿನ ಗಡಿಯಾರ ಹಿಡಿದು ಸಾಬೀತು ಮಾಡಿದಳು.

ಈ ಊರಿಗೆ ಸ್ಕೀ ಬಂದ ಕಥೆ ಕೇಳಿದಾಗ ಹೆಂಡತಿ ಗಂಡನನ್ನು ಅರ್ಥಪೂರ್ಣವಾಗಿ ನೋಡಿದಳು. ನಾರ್ವೆಯ ನಾನ್ಸೆನ್ 1888ರಲ್ಲಿ ಸ್ಕೀ ಮೇಲೆ ಗ್ರೀನ್‌ಲೆಂಡ್ ದಾಟಿ ಒಂದು ಪುಸ್ತಕ ಬರೆದ. ಅದನ್ನು ಕಿಟ್ಸ್‌ಬ್ಯೂಲ್‌ನ ಫ್ರಾನ್ಸ್ ರೈಷ್ ಓದಿದ, ಓದಿ ಸುಮ್ಮನಿರದೆ ನಾರ್ವೆಯಿಂದ ಸ್ಕೀ ತರಿಸಿದ, 1893ರಲ್ಲಿ 1,996 ಮೀಟರಿನ ಕಿಟ್ಸ್‌ಬ್ಯೂಲರ್ ಹಾರ್ನ್‌ನಿಂದ ಜಾರಿಕೊಂಡು ಕೆಳಗೆ ಬಂದ. ಓದಿದ್ದನ್ನೆಲ್ಲ ತರಿಸಿ ನೋಡುವ ಗಂಡಸರು ಎಲ್ಲ ಕಾಲದಲ್ಲೂ ಇದ್ದಾರೆ. ರೈಷ್ ಮುಂದೆ ಊರಿನ ಮೇಯರ್ ಆದ. ಈ ಮನೆಯಲ್ಲಿ ತರಿಸಿದ ಯೋಗ ಚಾಪೆ, ಬ್ರೆಡ್ ಯಂತ್ರ, ಟೆಲಿಸ್ಕೋಪು ಮೂರೂ ನೆಲಮಾಳಿಗೆಯಲ್ಲಿವೆ.

“ಅಷ್ಟು ಖರ್ಚು ಮಾಡಿ ಹಿಮ ಬೀಳದಿದ್ರೆ?” ಎಂಬ ಹೆಂಡತಿಯ ಪ್ರಶ್ನೆ ಕುಚೋದ್ಯದ್ದಲ್ಲ. ಊರು ತಗ್ಗಿನಲ್ಲಿದೆ, ಚಳಿಗಾಲ ಮೊದಲಿನಂತಿಲ್ಲ. ರಾತ್ರಿ ಥಂಡಿ ಬಿದ್ದೊಡನೆ ಇಳಿಜಾರಿನುದ್ದಕ್ಕೂ ಯಂತ್ರಗಳು ನೀರನ್ನು ಸಣ್ಣ ಹನಿಯಾಗಿ ಚಿಮ್ಮಿಸಿ ಹಿಮ ಮಾಡುತ್ತವೆ. ಅಷ್ಟೇ ಅಲ್ಲ, ಒಂದು ಚಳಿಗಾಲದ ಹಿಮವನ್ನು ಗುಡ್ಡೆ ಹಾಕಿ, ಬಿಸಿ ತಾಗದಂತೆ ದಪ್ಪಗೆ ಹೊದಿಸಿ, ಬೇಸಿಗೆ ಕಳೆದ ಮೇಲೆ ಬಿಚ್ಚಿ ಹರಡಿದ್ದೂ ಉಂಟು. ಕೆಲವು ವರ್ಷ ಅಕ್ಟೋಬರ್‌ನಲ್ಲೇ, ಸುತ್ತಲ ಗುಡ್ಡವೆಲ್ಲ ಹಸಿರಾಗಿರುವಾಗ, ನಡುವೆ ಬಿಳಿ ಪಟ್ಟಿಯೊಂದರ ಮೇಲೆ ಜನ ಜಾರಿದರು, ಪರಿಸರದವರು ಬೈದರು. ಅಜ್ಜಿಗೆ ಇದರಲ್ಲಿ ಅಚ್ಚರಿ ಕಾಣಲಿಲ್ಲ. ಹೋದ ವರ್ಷದ ಮಿಡಿ ಭರಣಿಯಲ್ಲಿ ಈ ವರ್ಷಕ್ಕೂ ಇರುತ್ತದೆ, ಬಾಯಿ ಸರಿಯಾಗಿ ಕಟ್ಟಿರಬೇಕು ಅಷ್ಟೆ.

ಇನ್ನು ವಿಮೆ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯವಾದ್ದರಿಂದ ಅಜ್ಜಿಯ ಕಾಗದ ಊರಿನಲ್ಲೇ ಮುಗಿದಿತ್ತು. ಉಳಿದವರು ಬೆಟ್ಟದಿಂದ ಹೆಲಿಕಾಪ್ಟರ್ ಇಳಿಸಿದರೆ ಖರ್ಚು ಯಾರದು ಎಂದು ವಾರಗಟ್ಟಲೆ ಸಣ್ಣಕ್ಷರ ಓದಿದರು.

ಬಾಡಿಗೆ ಸ್ಕೀ ಕೊಡುವ ಅಂಗಡಿಯ ಅರ್ಜಿ ಬಂದಾಗ ಮಾತ್ರ ಮನೆ ಮೌನವಾಯಿತು. ಎತ್ತರ, ವಯಸ್ಸು, ಬೂಟಿನ ಅಳತೆ, ಅನುಭವ, ಮತ್ತು ತೂಕ. ಸ್ಕೀಗೆ ಬೂಟನ್ನು ಹಿಡಿಯುವ ಬೈಂಡಿಂಗ್ ಎಂಬ ಸಲಕರಣೆ ಎಷ್ಟು ಬಿಗಿಯಾಗಿರಬೇಕೆಂದು ಈ ಸಂಖ್ಯೆಗಳಿಂದಲೇ ಲೆಕ್ಕ ಹಾಕುತ್ತಾರೆ. ಬಿದ್ದಾಗ ಅದು ತಾನಾಗಿ ಬಿಚ್ಚಿಕೊಳ್ಳಬೇಕು, ಇಲ್ಲದಿದ್ದರೆ ಮಂಡಿ ತಿರುಚುತ್ತದೆ. ಬೀಳದಿದ್ದಾಗ ಬಿಚ್ಚಿಕೊಳ್ಳಬಾರದು. ಹಾಗಾಗಿ ನಿಜ ಬರೆಯಬೇಕು. ಗೃಹಸ್ಥ ಲ್ಯಾಪ್‌ಟಾಪನ್ನು ಹೆಂಡತಿಯತ್ತ ತಿರುಗಿಸಿ, ಗಂಡಸರಲ್ಲಿ ಅಪರೂಪವಾದ ವಿವೇಕ ತೋರಿ, ನೀರು ಕುಡಿಯಲು ಎದ್ದುಹೋದ. ಬರುವಷ್ಟರಲ್ಲಿ ಆಕೆ ಅರ್ಜಿ ಕಳಿಸಿಯಾಗಿತ್ತು.

ಹೊರಡುವ ಹಿಂದಿನ ದಿನ ಆಕೆಗೆ ಪುಕ್ಕಲು ಹತ್ತಿತು. “ನಾವೆಲ್ಲ ರಾಗಿ ತಿಂದು ಬೆಳೆದೋರು, ನಮಗ್ಯಾಕೆ ಈ ಜಾರೋ ಆಟ?” ಅತ್ತೆ ಕನ್ನಡಕ ಸರಿಸಿ ನೋಡಿದರು. “ಕೊಡಗಿನ ಆ ಹುಡುಗಿ ಮಾಡುವುದಿಲ್ಲವಾ? ಪೇಪರಿನಲ್ಲಿ ಬಂದಿತ್ತಲ್ಲ.” ಅವರು ಹೇಳಿದ್ದು ಭವಾನಿ ತೆಕ್ಕಡ ನಂಜುಂಡ ಅವರ ವಿಷಯ. ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಭಾರತಕ್ಕಾಗಿ ಸ್ಪರ್ಧಿಸುವ ಆಟಗಾರ್ತಿ. ಅದು ಬೆಟ್ಟದಿಂದ ಜಾರುವುದಲ್ಲ, ಏರಿಳಿತದ ದಾರಿಯಲ್ಲಿ ಕೈಕಾಲು ಎರಡರಿಂದಲೂ ದುಡಿದು ಮೈಲಿಗಟ್ಟಲೆ ಸಾಗುವುದು, ಇನ್ನೂ ಕಷ್ಟ. ಸೊಸೆ ಬಾಯಿ ಮುಚ್ಚಿಕೊಂಡು ಕುಕ್ಕರಿಗೆ ಟವೆಲು ಸುತ್ತಿದಳು.

ಕುಫ್‌ಸ್ಟೈನ್ ಸ್ಯೂಡ್‌ನಲ್ಲಿ ಇಳಿದಾಗ ಒಳರಸ್ತೆ ಕಾರುಗಳಿಂದ ಕಿಕ್ಕಿರಿದಿತ್ತು. ಸುಂಕದ ಲೆಕ್ಕ ಬಲ್ಲ ಬವೇರಿಯಾದವರೆಲ್ಲ ಅಲ್ಲಿದ್ದರು. ಪಕ್ಕದ ಕಣಿವೆಯಲ್ಲಿ 1875ರಲ್ಲೇ ಹಾಕಿದ ರೈಲುದಾರಿಯಿದೆ. ಹಾನೆನ್‌ಕಮ್ ಗೊಂಡೋಲಾದ ಬುಡದಲ್ಲೇ ಒಂದು ನಿಲ್ದಾಣವೂ ಇದೆ. ಹೆಂಡತಿ ಅದನ್ನು ಒಂದೇ ಸಲ ಹೇಳಿದಳು. ಎರಡನೆಯ ಸಲ ಹೇಳುವ ಅಗತ್ಯ ಬೀಳಲಿಲ್ಲ.

ತರಬೇತಿಯ ಮೊದಲ ದಿನ ಮಗ ಬಂದು, ಅವರು ಬರೀ ಪಿಜ್ಜಾ, ಚಿಪ್ಸು ಎಂದು ಕೂಗುತ್ತಾರೆ ಎಂದ. ಅಜ್ಜಿಗೆ ಸಿಟ್ಟು ಬಂತು, ಇಷ್ಟು ದುಡ್ಡು ತಗೊಂಡು ಮಕ್ಕಳಿಗೆ ಹಾಳುಮೂಳು ತಿನ್ನಿಸುವುದಾ? ಸ್ಕೀಗಳ ತುದಿ ಕೂಡಿಸಿ ಹಿಮ್ಮಡಿ ಅಗಲಿಸಿದರೆ ಪಿಜ್ಜಾ ತುಂಡಿನ ಆಕಾರ, ವೇಗ ತಗ್ಗುತ್ತದೆ. ಎರಡೂ ಸಮನಾಗಿ ಇಟ್ಟರೆ ಆಲೂಗಡ್ಡೆ ಚಿಪ್ಸು, ಓಡುತ್ತದೆ. ಪಿಜ್ಜಾಕ್ಕೆ ದೊಡ್ಡವರ ಜರ್ಮನ್‌ನಲ್ಲಿ ‘ಹಿಮದ ನೇಗಿಲು’ ಎಂದೇ ಹೆಸರು. ಇದನ್ನು ಕೇಳಿದ್ದೇ ಅಜ್ಜಿ ಎದ್ದು, ಬಾಡಿಗೆ ಮನೆಯ ನೆಲಹಾಸಿನ ಮೇಲೆ, ಗದ್ದೆಯಲ್ಲಿ ನೇಗಿಲು ಒತ್ತುವವನ ಮೈಭಾರ ಯಾವ ಕಾಲಿನ ಮೇಲಿರಬೇಕೆಂದು ಮೊಮ್ಮಗನಿಗೆ ತೋರಿಸಿದರು. ಮರುದಿನ ಅವನು ಬೀಳಲಿಲ್ಲ. ಶ್ರೇಯಸ್ಸು ಯಾರಿಗೆ ಸಲ್ಲಬೇಕೆಂಬ ಬಗ್ಗೆ ಮನೆಯಲ್ಲಿ ಎರಡು ಅಭಿಪ್ರಾಯಗಳಿವೆ.

ಹನ್ನೊಂದನೆಯ ಟ್ಯಾಬನ್ನು ಅಜ್ಜಿಯೇ ತುಂಬಿಕೊಂಡರು. ನಡೆಯುವವರಿಗೂ ಗೊಂಡೋಲಾ ಟಿಕೆಟ್ ಉಂಟೆಂದು ಮೊಮ್ಮಗಳಿಂದ ತಿಳಿದು, ರೇಷ್ಮೆ ಸೀರೆಯ ಕೆಳಗೆ ಮಗನ ಉಣ್ಣೆಯ ಪೈಜಾಮ, ಮೇಲೆ ಸೊಸೆಯ ನೀಲಿ ಕೋಟು, ತಲೆಗೆ ಮಫ್ಲರ್ ಸುತ್ತಿ ಹೊರಟರು. ಆ ಗೊಂಡೋಲಾದ ಡಬ್ಬಿಗಳಿಗೆ ಹಾನೆನ್‌ಕಮ್ ಸ್ಪರ್ಧೆ ಗೆದ್ದವರ ಹೆಸರು ಬರೆದಿರುತ್ತದೆ. ಇದೇ ಊರಿನ ಟೋನಿ ಜೈಲರ್ 1956ರ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದವನು. ಅಂಥವರ ಹೆಸರಿನ ರಥಗಳಲ್ಲಿ ಅಜ್ಜಿ ದಿನಕ್ಕೆರಡು ಸಲ ಏರಿ ಇಳಿದರು. ಮೇಲೆ ಬೆಂಚಿನಲ್ಲಿ ಕೂತರೆ ಎದುರಿಗೆ ವಿಲ್ಡರ್ ಕೈಸರ್‌ನ ಕಲ್ಲಿನ ಸಾಲು. ಊರಿನಲ್ಲಿ ಮಂಜು ಎಂದರೆ ಬೆಟ್ಟವನ್ನು ಮುಚ್ಚುವುದು. ಇಲ್ಲಿಯ ಮಂಜು ನೆಲಕ್ಕೆ ಬಿದ್ದು ಬೆಟ್ಟವನ್ನು ತೋರಿಸುತ್ತಿತ್ತು.

ಅಲ್ಲಿಯ ಹೋಟೆಲೊಂದರಲ್ಲಿ ಮಗಳು ಗೆರ್ಮ್‌ಕ್ನ್ಯೋಡೆಲ್ ತರಿಸಿಕೊಟ್ಟಳು. ಆವಿಯಲ್ಲಿ ಬೆಂದ ಮುಷ್ಟಿಗಾತ್ರದ ಬಿಳಿ ಉಂಡೆ, ಒಳಗೆ ಪ್ಲಮ್ ಹಣ್ಣಿನ ಹೂರಣ, ಮೇಲೆ ಕರಗಿದ ಬೆಣ್ಣೆ, ಗಸಗಸೆ. ಅಜ್ಜಿ ಚಮಚೆಯಿಂದ ಒತ್ತಿ ನೋಡಿದರು, ಮೂಸಿದರು, ತಿಂದರು. “ಕಡುಬು. ಹಿಟ್ಟು ಸ್ವಲ್ಪ ಹೆಚ್ಚು ಹುಳಿ ಬಂದಿದೆ,” ಎಂದು ತೀರ್ಪಿತ್ತು ಇನ್ನೊಂದು ತರಿಸಿದರು.

ಗೃಹಸ್ಥ ನೀಲಿ ಗುರುತಿನ ಸುಲಭ ದಾರಿಯಲ್ಲಿ ಬಿದ್ದ, ಎದ್ದ, ಮತ್ತೆ ಬಿದ್ದ, ಅದರಲ್ಲಿ ಹೊಸದೇನಿಲ್ಲ. ಹೆಂಡತಿಯದು ವಿಚಿತ್ರ ತೊಂದರೆ. ಆಕೆ ಬೀಳುತ್ತಿರಲಿಲ್ಲ. ಚೆನ್ನಾಗಿಯೇ ಇಳಿಯುತ್ತಿದ್ದಳು, ತಿರುವಿನಲ್ಲಿ ಸ್ವಲ್ಪ ಒತ್ತಿದಾಗ ಠಕ್ ಎಂದು ಒಂದು ಸ್ಕೀ ಕಳಚಿಕೊಂಡು ತನ್ನ ಪಾಡಿಗೆ ನಿಂತುಬಿಡುತ್ತಿತ್ತು. ಎರಡು ದಿನದಲ್ಲಿ ಒಂಬತ್ತು ಸಲ. ಗಂಡ ಇದು ಯಂತ್ರದ ದೋಷವೆಂದು ತೀರ್ಮಾನಿಸಿ ದೂರು ಬರೆಯಲು ಹನ್ನೆರಡನೆಯ ಟ್ಯಾಬು ತೆರೆದ.

ಮೂರನೆಯ ದಿನ ಸಂಜೆ, ಅವನು ಹಾಲು ತರಲು ಹೋದಾಗ, ಆಕೆ ಸ್ಕೀಗಳನ್ನು ಹೆಗಲಿಗೇರಿಸಿ ಅಂಗಡಿಗೆ ನಡೆದಳು. ಸರದಿಯಲ್ಲಿ ಹಿಂದೆ ನಿಂತವರು ಕನ್ನಡದವರಲ್ಲ ಎಂದು ಒಮ್ಮೆ ತಿರುಗಿ ನೋಡಿ ಖಚಿತ ಮಾಡಿಕೊಂಡಳು. ಆಮೇಲೆ ಮೇಜಿನ ಮೇಲೆ ಬಾಗಿ, ಮೆಲ್ಲಗೆ, ಶುದ್ಧ ಜರ್ಮನ್‌ನಲ್ಲಿ ಒಂದು ಸಂಖ್ಯೆ ಹೇಳಿದಳು. ಅಂಗಡಿಯ ಹುಡುಗ ತಲೆ ಎತ್ತಲಿಲ್ಲ. ಹಳೆಯ ಅಂಕಿಗೆ ಗೀಟು ಎಳೆದು, ಪಕ್ಕದಲ್ಲಿ ಹೊಸದನ್ನು ಬರೆದು, ಸ್ಕ್ರೂಡ್ರೈವರ್ ತೆಗೆದುಕೊಂಡು ಎರಡೂ ಕಡೆ ಬಿಗಿ ಮಾಡಿದ.