ಕಂಟಿನ್ಯೂ ಕಾಣೆಯಾಗಿದೆ

ಪರ್ಸು ಕಳೆದುಕೊಂಡವನಿಗೆ ‘ಹೋಗಲಿ ಬಿಡಪ್ಪ, ಗ್ರಹಚಾರ’ ಎನ್ನಲು ನಾಲ್ಕು ಜನ ಸಿಗುತ್ತಾರೆ. ವಿಡಿಯೋ ಗೇಮಿನ ಸೇವ್ ಕಳೆದುಕೊಂಡವನಿಗೆ ಸಿಗುವ ಸಾಂತ್ವನ ಒಂದೇ: ‘ಒಳ್ಳೇದಾಯ್ತು, ಇನ್ನಾದರೂ ಓದ್ಕೋ.’

ನನ್ನ ಅಕ್ಕನ ಮಗ ಫೋನಿನಲ್ಲಿ, ಹಳೆಯ ಗೇಮ್ ಯಂತ್ರದ ವೇಷ ಹಾಕುವ ಎಮ್ಯುಲೇಟರ್‌ನಲ್ಲಿ ಆಡುತ್ತಿದ್ದುದು 2004ರ ಪೋಕೆಮಾನ್ ಫೈರ್‌ರೆಡ್. ವಯಸ್ಸಿನಲ್ಲಿ ಆಟವೇ ಅವನಿಗಿಂತ ಹಿರಿಯದು. ಒಂದು ಬೆಳಿಗ್ಗೆ ತೆರೆದು ನೋಡಿದರೆ ‘ಕಂಟಿನ್ಯೂ’ ಇಲ್ಲ, ಆಟ ನೇರವಾಗಿ ಮೊದಲಿನಿಂದ ಶುರು. ಎಂಟೂ ಬ್ಯಾಡ್ಜು ಗೆದ್ದ ಶೂರನನ್ನು ಆಟದೊಳಗಿನ ಪ್ರೊಫೆಸರ್ ಓಕ್ ಹೊಸದಾಗಿ ಎದುರುಗೊಂಡು, ನೀನು ಹುಡುಗನೋ ಹುಡುಗಿಯೋ ಎಂದು ವಿಚಾರಿಸುತ್ತಿದ್ದಾನೆ! ‘ಬೆಳಗಿಂದ ತಿಂಡಿ ಮುಟ್ಟಿಲ್ಲ ಕಣೋ’ ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ದನಿಯಲ್ಲಿ ದುಃಖವೇನೂ ಇರಲಿಲ್ಲ.

ನಮ್ಮ ಕಾಲದ ಟಿ.ವಿ. ವಿಡಿಯೋ ಗೇಮಿಗೆ ಹಾಕುತ್ತಿದ್ದ ಹಳದಿ ಕ್ಯಾಸೆಟ್ಟುಗಳಲ್ಲಿ ಈ ಸಂಕಟವಿರಲಿಲ್ಲ, ಏಕೆಂದರೆ ಸೇವ್ ಮಾಡುವ ಸೌಕರ್ಯವೇ ಇರಲಿಲ್ಲ. ಕರೆಂಟು ಹೋದರೆ ಮಾರಿಯೊ ಮತ್ತೆ ಮೊದಲಿನಿಂದ ಓಡಬೇಕು, ಅಷ್ಟೆ. ಅದೇ ಹೊತ್ತಿಗೆ ಅಮೆರಿಕದ ಮಕ್ಕಳು ಅನುಕೂಲಸ್ಥರಾಗಿದ್ದರು. 1987ರಲ್ಲಿ ಅಲ್ಲಿಗೆ ಬಂದ ‘ದಿ ಲೆಜೆಂಡ್ ಆಫ್ ಜೆಲ್ಡಾ’ ಕ್ಯಾಸೆಟ್ಟಿನ ಹೊಟ್ಟೆಯಲ್ಲಿ ಒಂದು ಪುಟ್ಟ ಬಟನ್ ಬ್ಯಾಟರಿ ಇತ್ತು. ಅದು ಬದುಕಿರುವ ತನಕ ಆಟ ಉಳಿಯುತ್ತಿತ್ತು. ಆಫ್ ಮಾಡುವಾಗ ರೀಸೆಟ್ ಗುಂಡಿ ಒತ್ತಿ ಹಿಡಿದಿರಬೇಕೆಂಬ ಮಡಿ ಬೇರೆ. ಫೈರ್‌ರೆಡ್ ಹೊತ್ತಿಗೆ ಬ್ಯಾಟರಿಯ ಜಾಗಕ್ಕೆ 128 ಕಿಲೋಬೈಟಿನ ಫ್ಲ್ಯಾಶ್ ಚಿಪ್ಪು ಬಂದಿತ್ತು. ಎಮ್ಯುಲೇಟರ್‌ನಲ್ಲಿ ಆ ಚಿಪ್ಪಿನ ಪಾತ್ರ ಮಾಡುವುದು ಒಂದು ಬಡ ಫೈಲು.

ನಾನು ಅಕ್ಕನ ಮನೆ ತಲುಪಿದ್ದೇ ತಡ, ಫೋನನ್ನು ನನ್ನ ಕೈಗಿಟ್ಟು ಅಳಿಯ ಐಸಿಯು ಬಾಗಿಲಲ್ಲಿ ನಿಂತವರ ಮುಖ ಮಾಡಿಕೊಂಡು ಕೂತ. ಮೊದಲು ಸೆಟ್ಟಿಂಗ್ ನೋಡಿದೆ. ಸೇವ್ ಬಗೆಯನ್ನು 128ರ ಬದಲು 64 ಕಿಲೋಬೈಟ್ ಎಂದಿಟ್ಟರೆ ಈ ಆಟ, ಯಾವುದೋ ಸರ್ಕ್ಯೂಟ್ ಬೋರ್ಡ್ ಜೋಡಿಸಿಲ್ಲವೆಂದು ಹಠ ಹಿಡಿದು ಸೇವ್ ಮಾಡಲು ಒಪ್ಪುವುದೇ ಇಲ್ಲ. ಆ ಸೆಟ್ಟಿಂಗ್ ಸರಿಯಾಗಿಯೇ ಇತ್ತು.

‘ನಿನ್ನೆ ಏನಾದ್ರೂ ಬದಲಾಯಿಸಿದ್ಯಾ?’

‘ಇಲ್ಲ ಮಾಮ.’

‘ಏನೂ?’

‘ಗೇಮ್ ಫೈಲಿನ ಹೆಸರು ಅಸಹ್ಯವಾಗಿತ್ತು, ನಂಬರು, ಬ್ರಾಕೆಟ್ಟು ಎಲ್ಲ. ಅದಕ್ಕೇ ಚೆನ್ನಾಗಿರೋದು ಇಟ್ಟೆ.’

ಅಲ್ಲಿಗೆ ಕೇಸು ಬಗೆಹರಿಯಿತು. ಬಹಳಷ್ಟು ಎಮ್ಯುಲೇಟರುಗಳು ಆಟದ ಫೈಲಿಗೆ ಯಾವ ಹೆಸರೋ ಅದೇ ಹೆಸರಿನ ಸೇವ್ ಫೈಲನ್ನು ಹುಡುಕುತ್ತವೆ. ಒಂದಕ್ಷರ ಬೇರೆಯಾದರೂ ಗುರುತು ಸಿಗದು, ರೇಷನ್ ಕಾರ್ಡಿನಲ್ಲಿ ಇನಿಷಿಯಲ್ ತಪ್ಪಿದವನನ್ನು ಗುಮಾಸ್ತ ಕಂಡ ಹಾಗೆ. ಸೇವ್ ಫೈಲು ಹಳೆಯ ಹೆಸರಿನಲ್ಲಿ ಅದೇ ಫೋಲ್ಡರಿನಲ್ಲಿ ನಿಶ್ಚಿಂತೆಯಿಂದ ಮಲಗಿತ್ತು. ಮೊದಲು ಅದರ ಪ್ರತಿ ತೆಗೆದಿಟ್ಟು, ಆಮೇಲೆ ಹೊಸ ಹೆಸರು ಕೊಟ್ಟೆ. ‘ಕಂಟಿನ್ಯೂ’ ಪ್ರತ್ಯಕ್ಷವಾಯಿತು.

ಹುಡುಗ ಕುಣಿದ. ಕುಣಿಯುತ್ತಲೇ, ಅಭ್ಯಾಸಬಲದಿಂದ, ‘ಲೋಡ್ ಸ್ಟೇಟ್’ ಒತ್ತಿಬಿಟ್ಟ! ಸ್ಟೇಟ್ ಎಂದರೆ ಆ ಗಳಿಗೆಯ ಇಡೀ ಯಂತ್ರದ ಮೆದುಳು. ಹಲವು ಎಮ್ಯುಲೇಟರುಗಳಲ್ಲಿ ಸೇವ್ ಚಿಪ್ಪಿನಲ್ಲಿದ್ದುದೂ ಅದರೊಳಗೇ ಸೇರಿರುತ್ತದೆ. ಯಾವತ್ತೋ ಎರಡು ಬ್ಯಾಡ್ಜಿದ್ದ ಕಾಲದ ಸ್ಟೇಟ್ ಬಂದು ಎಂಟು ಬ್ಯಾಡ್ಜಿನ ಸೇವನ್ನು ನುಂಗಿ ಕೂತಿತು. ತೆಗೆದಿಟ್ಟ ಪ್ರತಿ ಇಲ್ಲದಿದ್ದರೆ ಮಧ್ಯಾಹ್ನದ ಊಟವೂ ಅವನಿಗೆ ಸೇರುತ್ತಿರಲಿಲ್ಲ, ನನಗೂ.

ಎಲ್ಲ ಸರಿಹೋದ ಮೇಲೆ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು, ‘ಪರೀಕ್ಷೆ ಮುಗಿಯೋ ತನಕ ಅದನ್ನ ಅಳಿಸೋಕಾಗಲ್ವೇನೋ?’ ಎಂದು ಮೆಲ್ಲಗೆ ಕೇಳಿದಳು. ಅಕ್ಕನಿಗೆ ಹೇಳಿದ್ದನ್ನೇ ಉಳಿದ ತಾಯಂದಿರಿಗೂ ಹೇಳುತ್ತೇನೆ: ಅಳಿಸಬೇಡಿ, ಪಾಪ. ಸೇವ್ ಫೈಲಿನ ಹೆಸರಿನಲ್ಲಿ ಒಂದಕ್ಷರ ತಿದ್ದಿ, ಹಳೆಯ ಹೆಸರನ್ನು ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.