ಬಿದ್ದರೆ ಮೀಸೆ ಮಣ್ಣಾಗಲೇಬೇಕು

ಒಂದೇ ಪಂದ್ಯ, ಒಬ್ಬರೇ ರೆಫರಿ, ಎರಡು ಅಪರಾಧ. 2010ರ ವಿಶ್ವಕಪ್ ಫೈನಲ್, ಜೋಹಾನ್ಸ್‌ಬರ್ಗ್. ಆಟ ಶುರುವಾಗಿ ಅರ್ಧ ಗಂಟೆ ಆಗುವ ಮೊದಲೇ ನೆದರ್ಲೆಂಡ್ಸ್‌ನ ನೈಜಲ್ ಡಿ ಯಾಂಗ್ ಕುಂಗ್‌ಫೂ ಸಿನಿಮಾದ ಖಳನಂತೆ ಕಾಲೆತ್ತಿ ಸ್ಪೇನಿನ ಶಾಬಿ ಅಲೊನ್ಸೊ ಎದೆಗೆ ಬೂಟಿನ ಮುದ್ರೆ ಒತ್ತಿದ. ಹಳದಿ ಕಾರ್ಡು. ಹೆಚ್ಚುವರಿ ಸಮಯ ಮುಗಿಯುತ್ತಿದ್ದಾಗ ಆಂದ್ರೆಸ್ ಇನಿಯೆಸ್ಟಾ ಗೋಲು ಹೊಡೆದು, ಹಿಂದಿನ ವರ್ಷ ತೀರಿಕೊಂಡಿದ್ದ ಗೆಳೆಯ ಡ್ಯಾನಿ ಹಾರ್ಕೆಯ ಹೆಸರಿದ್ದ ಬನಿಯನ್ನು ಲೋಕಕ್ಕೆ ತೋರಿಸಲು ಜೆರ್ಸಿ ಕಳಚಿದ. ಹಳದಿ ಕಾರ್ಡು. ಒಬ್ಬ ಬೇರೆಯವನ ಎದೆಗೆ ಒದ್ದ, ಇನ್ನೊಬ್ಬ ತನ್ನ ಎದೆ ತೋರಿಸಿದ. ಇಬ್ಬರಿಗೂ ಒಂದೇ ಬಣ್ಣದ ಪ್ರಸಾದ.

ಡಿ ಯಾಂಗ್‌ಗೆ ಕೆಂಪು ಕೊಡಬೇಕಿತ್ತು, ನನಗೆ ಸರಿಯಾಗಿ ಕಾಣಲಿಲ್ಲ ಎಂದು ರೆಫರಿ ಹೊವರ್ಡ್ ವೆಬ್ ಆಮೇಲೆ ಒಪ್ಪಿಕೊಂಡರು. ಹನ್ನೆರಡು ವರ್ಷ ಕಳೆದ ಮೇಲೆ ಇಂಗ್ಲೆಂಡಿನ ವೃತ್ತಿಪರ ರೆಫರಿಗಳಿಗೆಲ್ಲ ಅವರೇ ಮುಖ್ಯಸ್ಥರಾದರು. ಇನಿಯೆಸ್ಟಾ ವಿಷಯದಲ್ಲಿ ಮಾತ್ರ ಅವರು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಗೋಲಿನ ಸಂಭ್ರಮದಲ್ಲಿ ಅಂಗಿ ಬಿಚ್ಚಿದವನಿಗೆ ಹಳದಿ ತೋರಿಸಲೇಬೇಕು, ಅಲ್ಲಿ ರೆಫರಿಗೆ ಆಯ್ಕೆಯೇ ಇಲ್ಲ. ಕಾರ್ನರ್ ಕಿಕ್ ವೇಳೆಯಲ್ಲಿ ಪಕ್ಕದವನ ಅಂಗಿಯನ್ನು ಹೊಲಿಗೆ ಬಿಚ್ಚುವಷ್ಟು ಜಗ್ಗಿದರೆ ಆಯ್ಕೆಗಳು ಬೇಕಾದಷ್ಟು. ಹೆಚ್ಚಿನವರು ಆರಿಸಿಕೊಳ್ಳುವುದು ಕುರುಡನ್ನು.

ಫುಟ್‌ಬಾಲಿಗೆ ಒಟ್ಟು ಹದಿನೇಳು ನಿಯಮ. ಗೋಲಿನ ಅಗಲ 7.32 ಮೀಟರ್, ಎತ್ತರ 2.44. ಚೆಂಡಿನ ಸುತ್ತಳತೆ 68ರಿಂದ 70 ಸೆಂಟಿಮೀಟರ್. ಟೇಪು ಹಿಡಿದ ದರ್ಜಿಯೊಬ್ಬ ಕೂತು ಬರೆದಂತಿದೆ. ಫೌಲು ಮತ್ತು ದುರ್ನಡತೆಯ ಹನ್ನೆರಡನೆಯ ನಿಯಮಕ್ಕೆ ಬರುವಷ್ಟರಲ್ಲಿ ದರ್ಜಿ ಊಟಕ್ಕೆ ಹೋಗಿ, ಜೋಯಿಸರು ಬಂದು ಕೂತಿರಬೇಕು. ಎದುರಾಳಿಯ ಮೇಲೆ ಬಿದ್ದದ್ದು ಅಜಾಗರೂಕತೆಯಿಂದಲೋ, ಬೇಪರ್ವಾಯಿಂದಲೋ, ಮಿತಿಮೀರಿದ ಬಲದಿಂದಲೋ? ಮೊದಲನೆಯದಾದರೆ ಬರೀ ಫ್ರೀಕಿಕ್, ಎರಡನೆಯದಾದರೆ ಹಳದಿ, ಮೂರನೆಯದಾದರೆ ಕೆಂಪು. ಅಳತೆಗೋಲು? ರೆಫರಿಯ ಅಭಿಪ್ರಾಯ. ನಮ್ಮ ಹೈಕೋರ್ಟುಗಳು ಹದಿನೆಂಟು ವರ್ಷ ತೆಗೆದುಕೊಂಡು ತೀರ್ಮಾನಿಸುವ ಸಂಗತಿಯನ್ನು ಓಡುತ್ತ, ಏದುಸಿರು ಬಿಡುತ್ತ, ಐವತ್ತು ಸಾವಿರ ಜನ ತನ್ನ ತಾಯಿಯನ್ನು ನೆನೆಯುತ್ತಿರುವಾಗ, ಅರ್ಧ ಸೆಕೆಂಡಿನಲ್ಲಿ ಮುಗಿಸಬೇಕು. ಪಾಪ.

ಕಾರ್ಡಿನ ಕಥೆಯನ್ನೂ ಹೇಳಿಬಿಡುತ್ತೇನೆ. 1966ರಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡ್ ವಿರುದ್ಧ ಆಡುತ್ತಿದ್ದ ಅರ್ಜೆಂಟೀನಾದ ನಾಯಕ ಆಂಟೋನಿಯೊ ರಟ್ಟೀನ್‌ನನ್ನು ಜರ್ಮನ್ ರೆಫರಿ ರುಡಾಲ್ಫ್ ಕ್ರೈಟ್ಲೈನ್ ಹೊರಗೆ ಹಾಕಿದರು. ಆರೋಪ: ನಾಲಿಗೆ ಸರಿಯಿಲ್ಲ. ರಟ್ಟೀನ್ ಬೈದದ್ದು ಸ್ಪ್ಯಾನಿಷಿನಲ್ಲಿ, ರೆಫರಿಗೆ ಸ್ಪ್ಯಾನಿಷ್ ಬಾರದು. ಬೈಗುಳಕ್ಕೆ ವ್ಯಾಕರಣ ಬೇಡ, ಮುಖ ಸಾಕು ಎಂಬುದು ಮೆಜೆಸ್ಟಿಕ್ಕಿನಲ್ಲಿ ಬಸ್ ಹತ್ತಿದವರಿಗೆಲ್ಲ ಗೊತ್ತು, ಇರಲಿ. ದುಭಾಷಿಯನ್ನು ಕರೆಯಿರಿ ಎಂದು ರಟ್ಟೀನ್ ಹಟ ಹಿಡಿದ, ಮೈದಾನ ಬಿಟ್ಟು ಕದಲಲಿಲ್ಲ. ಆ ಫಜೀತಿ ಕಂಡ ಹಿರಿಯ ರೆಫರಿ ಕೆನ್ ಆಸ್ಟನ್‌ಗೆ ಲಂಡನ್ನಿನ ಸಿಗ್ನಲ್ ದೀಪದ ಮುಂದೆ ಕಾರು ನಿಲ್ಲಿಸಿದಾಗ ಹೊಳೆಯಿತಂತೆ: ಹಳದಿ ಎಂದರೆ ಜೋಕೆ, ಕೆಂಪು ಎಂದರೆ ನಿಲ್ಲು. 1970ರ ಮೆಕ್ಸಿಕೊ ವಿಶ್ವಕಪ್‌ಗೆ ಕಾರ್ಡುಗಳು ಬಂದವು. ಆ ಟೂರ್ನಿಯಲ್ಲಿ ಒಬ್ಬನೂ ಹೊರಬೀಳಲಿಲ್ಲ. ಆಸ್ಟನ್ ಸಾಹೇಬರಿಗೆ ಆ ಯೋಚನೆ ನಮ್ಮ ಸಿಲ್ಕ್‌ ಬೋರ್ಡಿನಲ್ಲಿ ಹೊಳೆದಿದ್ದರೆ ಹಳದಿಯ ಅರ್ಥವೇ ಬೇರೆಯಾಗುತ್ತಿತ್ತು: ಕೆಂಪು ಬೀಳುವುದರೊಳಗೆ ನುಗ್ಗು. ಇವತ್ತಿನ ಡಿಫೆಂಡರುಗಳು ಹಳದಿಯನ್ನು ಓದಿಕೊಳ್ಳುವುದು ಹೀಗೆಯೇ.

ಎಣಿಸುವುದಾದರೂ ಸುಲಭವೇ? 2006ರಲ್ಲಿ ಕ್ರೊಯೇಷಿಯಾದ ಯೋಸಿಪ್ ಷಿಮುನಿಚ್‌ಗೆ ಇಂಗ್ಲಿಷ್ ರೆಫರಿ ಗ್ರಹಾಂ ಪೋಲ್ ಮೂರು ಹಳದಿ ತೋರಿಸಿದ ಮೇಲೆ ಕೆಂಪು ತೋರಿಸಿದರು. ಎದುರಿಗಿದ್ದದ್ದು ಆಸ್ಟ್ರೇಲಿಯಾ, ಷಿಮುನಿಚ್ ಹುಟ್ಟಿ ಬೆಳೆದದ್ದೂ ಆಸ್ಟ್ರೇಲಿಯಾದಲ್ಲೇ, ಮಾತಿನ ಧಾಟಿಯೂ ಅಲ್ಲಿಯದೇ. ಎರಡನೆಯ ಹಳದಿಯನ್ನು ಪೋಲ್ ತಮ್ಮ ಪುಸ್ತಕದಲ್ಲಿ ಆಸ್ಟ್ರೇಲಿಯಾದ ಮೂರನೆಯ ನಂಬರಿಗೆ ಜಮಾ ಮಾಡಿದ್ದರು. ಪಹಣಿಯಲ್ಲಿ ನಮ್ಮ ಜಮೀನು ಪಕ್ಕದವನ ಹೆಸರಿಗೆ ಏರುವುದನ್ನು ಕಂಡ ನಾವು ಇದಕ್ಕೆ ನಗಬಾರದು.

ಆದರೆ ಇವೆಲ್ಲ ಗುಮಾಸ್ತಿಕೆಯ ತಪ್ಪು. ನನ್ನ ತಕರಾರು ಬೇರೆ. ಹನ್ನೆರಡನೆಯ ನಿಯಮದ ಪ್ರಕಾರ ಒದ್ದರೂ ಫೌಲು, ಒದೆಯಲು ಯತ್ನಿಸಿದರೂ ಫೌಲು. ಕಾಲು ಕೊಟ್ಟು ಬೀಳಿಸಿದರೂ ಫೌಲು, ಬೀಳಿಸಲು ಯತ್ನಿಸಿದರೂ ಫೌಲು. ಒದೆಸಿಕೊಂಡವನು ಬೀಳಲೇಬೇಕೆಂದು ಯಾವ ಸಾಲಿನಲ್ಲೂ ಇಲ್ಲ. ಮೈದಾನದ ವಾಡಿಕೆ ಇದಕ್ಕೆ ತದ್ವಿರುದ್ಧ. ಪೆಟ್ಟು ತಿಂದೂ ಕಾಲೂರಿ ನಿಂತು ಚೆಂಡು ಬೆನ್ನಟ್ಟಿದವನಿಗೆ ಏನೂ ಸಿಗದು. ಅಳದ ಮಗುವಿಗೆ ಹಾಲಿಲ್ಲ. ಫುಟ್‌ಬಾಲಿನಲ್ಲಿ ಉರುಳದ ಮಗುವಿಗೆ ಪೆನಾಲ್ಟಿ ಇಲ್ಲ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ನಮ್ಮ ಹಳೆಯ ಜಟ್ಟಿ ಇಲ್ಲಿ ಒಂದು ಸೀಸನ್ ಕೂಡ ಬಾಳಲಾರ. ಮೀಸೆಗೆ ಮಣ್ಣು ಹತ್ತಿದ್ದು ಗ್ಯಾಲರಿಯ ಕೊನೆಯ ಸಾಲಿಗೂ ಕಾಣಬೇಕು.

2002ರಲ್ಲಿ ಉಲ್ಸಾನ್‌ನಲ್ಲಿ ಟರ್ಕಿಯ ಹಕನ್ ಉನ್ಸಾಲ್ ಒದ್ದ ಚೆಂಡು ಬ್ರೆಜಿಲ್ಲಿನ ರಿವಾಲ್ಡೊ ತೊಡೆಗೆ ಬಡಿಯಿತು. ರಿವಾಲ್ಡೊ ಮುಖ ಹಿಡಿದುಕೊಂಡು ಬಿದ್ದ. ತೊಡೆಯಿಂದ ಮುಖಕ್ಕೆ ನೋವು ಏರುವ ನರ ಯಾವುದೆಂದು ಯಾವ ವೈದ್ಯರೂ ಕೇಳಲಿಲ್ಲ. ಉನ್ಸಾಲ್ ಎರಡನೆಯ ಹಳದಿ ಪಡೆದು ಮನೆಗೆ ಹೋದ. ರಿವಾಲ್ಡೊಗೆ ಫೀಫಾ ಆಮೇಲೆ ದಂಡ ಹಾಕಿತು, ನಿಷೇಧ ಹಾಕಲಿಲ್ಲ. ಆತ ಮುಂದಿನ ಪಂದ್ಯಗಳನ್ನಾಡಿ ವಿಶ್ವಕಪ್ಪನ್ನೂ ಎತ್ತಿಕೊಂಡ.

ಅದಕ್ಕೂ ಇಪ್ಪತ್ತು ವರ್ಷ ಹಿಂದೆ, ಸೆವಿಲ್ಲೆಯ ಸೆಮಿಫೈನಲ್‌ನಲ್ಲಿ ಪಶ್ಚಿಮ ಜರ್ಮನಿಯ ಗೋಲ್‌ಕೀಪರ್ ಹರಾಲ್ಡ್ ಶೂಮಾಕರ್ ಫ್ರಾನ್ಸಿನ ಪ್ಯಾಟ್ರಿಕ್ ಬ್ಯಾಟಿಸ್ಟನ್ ಮೇಲೆ ಹಾರಿ ಸೊಂಟದಿಂದ ಗುದ್ದಿದ. ಬ್ಯಾಟಿಸ್ಟನ್ ಹಲ್ಲು ಉದುರಿತು, ಬೆನ್ನುಮೂಳೆಗೆ ಏಟಾಯಿತು, ಪ್ರಜ್ಞೆ ತಪ್ಪಿತು. ರೆಫರಿ ಕೊಟ್ಟ ತೀರ್ಪು ಗೋಲ್‌ಕಿಕ್. ಚೆಂಡನ್ನು ಇಟ್ಟು ಒದೆಯಬೇಕಾದವನೂ ಶೂಮಾಕರ್‌ನೇ. ಬ್ಯಾಟಿಸ್ಟನ್ ಮಾಡಿದ ತಪ್ಪು ಒಂದೇ: ನಿಜವಾಗಿ ಬಿದ್ದ. ಪ್ರಜ್ಞೆ ತಪ್ಪಿದವನು ಹೊರಳಾಡುವುದಿಲ್ಲ, ಬೆರಳ ಸಂದಿಯಿಂದ ರೆಫರಿಯ ಜೇಬಿನತ್ತ ನೋಡುವುದೂ ಇಲ್ಲ. ನಟನೆಗೂ ಹಳದಿ ಉಂಟು, ನಿಯಮದಲ್ಲಿ ಸ್ಪಷ್ಟವಾಗಿ ಬರೆದಿದೆ. ಆದರೆ ಕೆಟ್ಟ ನಟನಿಗೆ ಮಾತ್ರ ಅದು ಸಿಗುತ್ತದೆ. ಒಳ್ಳೆಯ ನಟನಿಗೆ ಪೆನಾಲ್ಟಿ.

ಇದಕ್ಕೆಲ್ಲ ಮದ್ದು ಎಂದು 2018ರ ವಿಶ್ವಕಪ್‌ಗೆ ವಿಎಆರ್ ಬಂತು. ರೆಫರಿಯ ಕಣ್ಣಿಗೆ ಟೀವಿಯ ಕಣ್ಣು ಜೋಡಿಸಿದರು. ತಪ್ಪು ‘ಸ್ಪಷ್ಟವಾಗಿ ಎದ್ದು ಕಾಣುವಂತಿದ್ದರೆ’ ಮಾತ್ರ ಮೂಗು ತೂರಿಸಬೇಕು ಎಂಬುದು ಷರತ್ತು. ಎದ್ದು ಕಾಣುತ್ತದೆಯೋ ಇಲ್ಲವೋ ಎಂದು ನೋಡಲು ನಾಲ್ಕೈದು ನಿಮಿಷ ಬೇಕಾಗುತ್ತದೆ. ನಿಧಾನಗತಿಯಲ್ಲಿ ನೋಡಿದರೆ ಬೆನ್ನು ತಟ್ಟಿದ್ದೂ ಕೊಲೆಯತ್ನವೇ. ಹ್ಯಾಂಡ್‌ಬಾಲ್ ವಿಚಾರಕ್ಕಂತೂ ತೋಳು ಎಲ್ಲಿ ಶುರುವಾಗುತ್ತದೆಂದು ನಿಯಮದಲ್ಲೇ ಗೆರೆ ಎಳೆದಿದ್ದಾರೆ: ಕಂಕುಳಿನ ತಳದಿಂದ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವರ ಸಂತತಿ ಕೊನೆಗೂ ಸರಿಯಾದ ಜಾಗಕ್ಕೆ ಬಂದು ಮುಟ್ಟಿತು.

ಇಷ್ಟು ಹೊತ್ತು ನಿಷ್ಪಕ್ಷಪಾತಿಯಂತೆ ಬರೆದೆ. ಈಗ ನಿಜ ಹೇಳಬೇಕು. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಐಎಸ್‌ಎಲ್ ನಾಕೌಟ್. ಹೆಚ್ಚುವರಿ ಸಮಯದಲ್ಲಿ ನಮಗೆ ಫ್ರೀಕಿಕ್ ಸಿಕ್ಕಿತು. ಕೇರಳ ಬ್ಲಾಸ್ಟರ್ಸ್ ಗೋಡೆ ಕಟ್ಟುವ ಮೊದಲೇ ಸುನಿಲ್ ಛೆಟ್ರಿ ಚೆಂಡನ್ನು ಮೆತ್ತಗೆ ಗೋಲಿಗೆ ಹಾಕಿದರು. ಸೀಟಿ ಊದಿರಲಿಲ್ಲ, ನಾವು ತಯಾರಿರಲಿಲ್ಲ ಎಂದರು ಕೇರಳದವರು. ರೆಫರಿ ಗೋಲು ಎಂದರು. ಕೋಚ್ ಇವಾನ್ ವುಕೊಮನೊವಿಚ್ ಇಡೀ ತಂಡವನ್ನು ಮೈದಾನದಿಂದ ಹೊರಗೆ ಕರೆದುಕೊಂಡರು, ತಂಡ ಮರಳಲಿಲ್ಲ. ಭಾರತೀಯ ಫುಟ್‌ಬಾಲ್ ಒಕ್ಕೂಟ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಹಾಕಿತು, ಕೋಚ್‌ಗೆ 10 ಪಂದ್ಯಗಳ ನಿಷೇಧ. ಅವತ್ತು ರಾತ್ರಿ ನಾನು ನಿಯಮಶಾಸ್ತ್ರದ ಘನಪಾಠಿ. ತಂಡ ದೂರ ಕೇಳಿ ರೆಫರಿ ಆಟ ತಡೆದಿದ್ದರಷ್ಟೇ ಸೀಟಿ ಕಡ್ಡಾಯ, ಇಲ್ಲದಿದ್ದರೆ ಬೇಡ ಎಂದು ಸಿಕ್ಕಸಿಕ್ಕವರಿಗೆ ಪಾಠ ಹೇಳಿದೆ. ಹದಿನೈದು ದಿನಕ್ಕೆ ಗೋವಾದಲ್ಲಿ ಫೈನಲ್ ನಡೆದು, ಪೆನಾಲ್ಟಿ ಶೂಟೌಟ್‌ನಲ್ಲಿ ನಾವು ಸೋತೆವು. ಅವತ್ತಿನ ರೆಫರಿಯ ಕಣ್ಣು, ಮಿದುಳು, ವಂಶ ಮೂರರ ಬಗ್ಗೆಯೂ ನನಗೆ ಆಳವಾದ ಅನುಮಾನಗಳಿದ್ದವು, ಈಗಲೂ ಇವೆ.

ಛೆಟ್ರಿ ಹೊಡೆದದ್ದು ಮಾತ್ರ ಅಪ್ಪಟ ಗೋಲು. ಒಪ್ಪದ ಕೇರಳದ ಗೆಳೆಯರು ಸಂಪಾದಕರಿಗೆ ಪತ್ರ ಬರೆಯಲಿ, ಸೀಟಿ ಊದುವವರೆಗೂ ಕಾಯಬೇಕಿಲ್ಲ.